ಯೆಜ್ಡಿ ಸೈಡ್‌ಕಾರಿಗೆ ಚೇತಕ್ ಚಕ್ರವೋ, ಬೈಕ್ ಚಕ್ರವೋ?

ಬೈಕಿನ ಪಕ್ಕಕ್ಕೆ ಸೈಡ್‌ಕಾರ್, ಅಂದರೆ ಒಂದು ಚಕ್ರದ ಸೀಟಿನ ತೊಟ್ಟಿ, ಕಟ್ಟಬೇಕು ಅಂತ ಬರುವವರು ಮೊದಲು ಕೇಳುವುದು ತೊಟ್ಟಿಯ ಆಕಾರ, ಸೀಟು, ಬಣ್ಣ. ಅದೆಲ್ಲ ಆಮೇಲೆ. ಮೊದಲು ಚಕ್ರ ಯಾವುದು ಅಂತ ತೀರ್ಮಾನ ಮಾಡಿ. ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಎರಡು ಥರದ್ದನ್ನೂ ಹಾಕಿ ಓಡಿಸಿದ್ದೇನೆ: ಬಜಾಜ್ ಚೇತಕ್‌ನ 10 ಇಂಚಿನ ಚಕ್ರ, ರೋಡ್‌ಕಿಂಗ್‌ನದ್ದೇ 18 ಇಂಚಿನ ಕಡ್ಡಿ ಚಕ್ರ. ಅಮ್ಮನಿಗೆ ಮೊಣಕಾಲು ನೋವು, ಹಿಂದಿನ ಸೀಟಿಗೆ ಕಾಲು ಎತ್ತಿ ಹಾಕಲು ಆಗುವುದಿಲ್ಲ. ಅವರನ್ನು ಮೈಸೂರಿನಿಂದ ಪಾಂಡವಪುರ, ಮೇಲುಕೋಟೆ ಕಡೆ ಕರೆದುಕೊಂಡು ಹೋಗಬೇಕಿತ್ತು. ಹಾಗಾಗಿ ನನ್ನ ಲೆಕ್ಕ ಪೂರ್ತಿ ಈ ರಸ್ತೆಗಳದ್ದು.

ಚೇತಕ್ ಚಕ್ರದ ದೊಡ್ಡ ಗುಣ ಏನೆಂದರೆ, ಅದರ ಮುಂದಿನ ಹಬ್ (ಚಕ್ರದ ನಡುಭಾಗ) ಒಂದೇ ಕಡೆಯಿಂದ ಹಿಡಿದುಕೊಳ್ಳುವ ಹಾಗೇ ಮಾಡಿರುವುದು. ಸೈಡ್‌ಕಾರಿಗೆ ಬೇಕಾದದ್ದೂ ಅದೇ ಅಲ್ವಾ? ಗುಜರಿಯಲ್ಲಿ ಸ್ಪ್ರಿಂಗು, ಶಾಕ್ ಸಮೇತ ಸಿಗುತ್ತದೆ, ಲೇತ್ ಕೆಲಸ ಕಡಿಮೆ. ಪಂಕ್ಚರ್ ಆದರೆ ನಟ್ ಬಿಚ್ಚಿ ಸ್ಟೆಪ್ನಿ ಹಾಕಿದರೆ ಮುಗಿಯಿತು. ಇನ್ನೊಂದು ವಿಷಯ ಜನ ಯೋಚಿಸುವುದೇ ಇಲ್ಲ. ಬೈಕ್ ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ಅದರ ಚಕ್ರಕ್ಕೆ ಅಡ್ಡ ಹೊಡೆತ ಅಷ್ಟಾಗಿ ಬೀಳುವುದಿಲ್ಲ. ಸೈಡ್‌ಕಾರ್ ಸೇರಿಸಿದ ಮೇಲೆ ಗಾಡಿ ವಾಲುವುದಿಲ್ಲ, ಅಡ್ಡ ಭಾರವೆಲ್ಲ ಚಕ್ರವೇ ತಿನ್ನಬೇಕು. ಚೇತಕ್‌ನ ತಗಡಿನ ರಿಮ್ ಅದನ್ನು ಸುಲಭವಾಗಿ ತಡೆಯುತ್ತದೆ.

ಆದರೆ ಗುಂಡಿ! ಮೈಸೂರು ಒಳಗೆ ಓಡಿಸುವಾಗ ಏನೂ ಅನಿಸಲಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ ಜಿಲ್ಲೆಯ ಒಳದಾರಿಗಳನ್ನು ನೋಡಿದ್ದೀರಲ್ಲ, ಲೋಡು ಟ್ರ್ಯಾಕ್ಟರ್ ಓಡಾಡಿ ರಸ್ತೆಯ ಅಂಚೆಲ್ಲ ಕಿತ್ತು ಹೋಗಿರುತ್ತದೆ, ನಮ್ಮ ಸೈಡ್‌ಕಾರ್ ಚಕ್ರ ಎಡಗಡೆ ಇರುವುದರಿಂದ ಸರಿಯಾಗಿ ಆ ಅಂಚಿನ ಮೇಲೇ ಹೋಗುತ್ತದೆ. ಚಿಕ್ಕ ಚಕ್ರ ಪ್ರತಿ ಗುಂಡಿಗೂ ಪೂರ್ತಿ ಇಳಿದು ಏಳುತ್ತದೆ, ಹ್ಯಾಂಡಲ್ ಎಡಕ್ಕೆ ಜಗ್ಗುತ್ತದೆ, ಕೂತವರ ಸೊಂಟಕ್ಕೆ ಪೆಟ್ಟು. ಅಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಕಂಬಿಯನ್ನು ಬಿಗಿಯಾಗಿ ಹಿಡಿದೇ ಕೂತಿದ್ದರು. ನನಗೆ ಅಷ್ಟು ಸಾಕಾಯಿತು.

18 ಇಂಚಿನದ್ದು ಹಾಕಿದ ಮೇಲೆ ಅದೇ ದಾರಿ ಬೇರೆಯೇ ಥರ. ಗುಂಡಿಯನ್ನು ದಾಟಿಕೊಂಡು ಹೋಗುತ್ತದೆ, ಇಳಿಯುವುದಿಲ್ಲ. ಆದರೆ ಕೆಲಸ ಜಾಸ್ತಿ. ಬೈಕಿನ ಆಕ್ಸಲ್ ಎರಡೂ ಕಡೆ ಆಧಾರ ಬೇಡುತ್ತದೆ, ಒಂದೇ ಕಡೆ ಹಿಡಿದರೆ ಬಾಗುತ್ತದೆ, ಹಾಗಾಗಿ ಹೊರಗಡೆಯೂ ಒಂದು ತೋಳು ಕೊಟ್ಟು ಫೋರ್ಕ್ ಥರ ಮಾಡಬೇಕು. ಕಡ್ಡಿಗಳು ಮೇಲೆ ಹೇಳಿದ ಅಡ್ಡ ಭಾರಕ್ಕೆ ಸಡಿಲ ಆಗುತ್ತವೆ. ದಪ್ಪ ಕಡ್ಡಿ ಹಾಕಿಸಿ, ಆಗಾಗ ತಟ್ಟಿ ಸದ್ದು ಕೇಳಿ, ಬೆಂಡ್ ತೆಗೆಸುತ್ತಿರಬೇಕು. ಇಷ್ಟಾದರೂ ನನ್ನ ಆಯ್ಕೆ ಇದೇ. ಊರೊಳಗೆ ಮಾತ್ರ ಓಡಾಡುವವರು ಸುಮ್ನೆ ಚೇತಕ್ ಚಕ್ರ ಹಾಕಿಕೊಳ್ಳಿ.

ಚಕ್ರ ಯಾವುದಾದರೂ ಕೂರಿಸುವ ಲೆಕ್ಕ ಒಂದೇ. ಸೈಡ್‌ಕಾರ್ ಚಕ್ರ ಬೈಕಿನ ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದಿರಬೇಕು, 15ರಿಂದ 25 ಸೆಂ.ಮೀ. ಬೈಕಿನ ಚಕ್ರಗಳಿಗೆ ಒಂದು ನೇರ ಪಟ್ಟಿ, ಸೈಡ್‌ಕಾರ್ ಚಕ್ರಕ್ಕೆ ಒಂದು ಪಟ್ಟಿ ಒತ್ತಿ ಅಳೆದರೆ, ಮುಂದಿನ ಅಂತರ ಹಿಂದಿನದಕ್ಕಿಂತ 10ರಿಂದ 20 ಮಿ.ಮೀ. ಕಡಿಮೆ ಇರಬೇಕು. ಬೈಕ್ ಒಂಚೂರು ಬಲಕ್ಕೆ ವಾಲಿರಲಿ. ಬೈಕಿನ ಫ್ರೇಮಿಗೆ ವೆಲ್ಡಿಂಗ್ ಮುಟ್ಟಿಸಬೇಡಿ, ನಾಲ್ಕು ಕಡೆ ಕ್ಲಾಂಪ್ ಹಾಕಿ. ಬ್ರೇಕ್ ಇಲ್ಲದ ಸೈಡ್‌ಕಾರ್ ಬೇಡವೇ ಬೇಡ: ಬ್ರೇಕ್ ಒತ್ತಿದಾಗ ತೊಟ್ಟಿ ಮುಂದಕ್ಕೆ ನುಗ್ಗಿ ಗಾಡಿಯನ್ನು ಬಲಕ್ಕೆ, ಅಂದರೆ ಎದುರು ಬರುವವರ ಕಡೆಗೆ ತಿರುಗಿಸುತ್ತದೆ. ಖಾಲಿ ತೊಟ್ಟಿಯಲ್ಲಿ ಎಡಕ್ಕೆ ಜೋರಾಗಿ ತಿರುಗಿದರೆ ಚಕ್ರ ಮೇಲೆ ಏಳುತ್ತದೆ. ಕಲಿಯುವಾಗ ಒಂದು ಮರಳಿನ ಮೂಟೆ ಇಟ್ಟುಕೊಳ್ಳಿ.

ಇಂಜಿನ್ ವಿಷಯ. 250 ಸಿಸಿ ಟೂ ಸ್ಟ್ರೋಕ್, ಗಾಳಿಯಿಂದಲೇ ತಣ್ಣಗಾಗಬೇಕು, ಈ ಭಾರ ಎಳೆಯುವಾಗ ವೇಗ ಇರುವುದಿಲ್ಲ, ಬಿಸಿ ಏರುತ್ತದೆ. ಮುಂದಿನ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಗಾಲಿ) ಒಂದು ಹಲ್ಲು ಚಿಕ್ಕದು ಮಾಡಿಸಿದ್ದು ಚಾಮುಂಡಿ ಬೆಟ್ಟ ಹತ್ತುವಾಗ ತುಂಬಾ ಅನುಕೂಲ ಆಯಿತು. ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೇ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಅಂತ ಹೇಳುವವರು ಬಹಳ. ಅದನ್ನೂ ನೋಡಿದೆ, ಸ್ಟಾರ್ಟಿಂಗ್ ಚೆನ್ನಾಗಿದೆ. ಆದರೆ ದಾರಿಯಲ್ಲಿ ಕೈಕೊಟ್ಟರೆ ಏನೂ ಮಾಡಲು ಬರುವುದಿಲ್ಲ. ಪಾಯಿಂಟ್ ಆದರೆ ಎಮರಿ ಹಾಳೆಯಲ್ಲಿ ಉಜ್ಜಿ, 0.4 ಮಿ.ಮೀ. ಗ್ಯಾಪ್ ಇಟ್ಟು ಹೊರಡಬಹುದು. ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಈ ಗಾಡಿಯ ಸದ್ದು ಕೇಳಿಯೇ ರೋಗ ಹೇಳುವ ಹಳೇ ಮೇಸ್ತ್ರಿಗಳು ಮೈಸೂರಿನಲ್ಲಿ ಇನ್ನೂ ಇದ್ದಾರೆ, ಅವರ ಕೈಗೆ ಒಗ್ಗಿರುವುದೂ ಪಾಯಿಂಟೇ.

ಕಬ್ಬಿಣ ಕತ್ತರಿಸುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿ. ಆರ್‌ಸಿ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಇನ್ಶೂರೆನ್ಸ್‌ನವರೂ ಅದನ್ನೇ ಹಿಡಿಯುತ್ತಾರೆ.