ಕಾರಿನ ಇನ್ಶೂರೆನ್ಸ್: ನನ್ನ ಹೆಸರಿಗಾ, ಅಪ್ಪನ ಪಾಲಿಸಿಗಾ, ಇಲ್ಲಾ ಓಡಿಸೋದನ್ನ ಗಮನಿಸೋ ಡಬ್ಬಿ ಕೂರಿಸಿಕೊಳ್ಳೋದಾ?

ಲೈಸೆನ್ಸ್ ಕೈಗೆ ಬಂದ ವಾರವೇ ಇನ್ಶೂರೆನ್ಸ್ ರೇಟು ಕೇಳಿ ಬೆಚ್ಚಿಬಿದ್ದೆ. ಒಂದು ಗೀರೂ ಮಾಡದವನಿಗೆ ಇಷ್ಟೊಂದು ಪ್ರೀಮಿಯಂ ಯಾಕೆ? ಗೀರು ಮಾಡಿಲ್ಲ ನಿಜ, ಆದರೆ ಓಡಿಸಿಯೂ ಇಲ್ಲವಲ್ಲ! ಹೊಸದಾಗಿ ಕಲಿತ ಹುಡುಗರ ಕ್ಲೇಮ್ ಜಾಸ್ತಿ. ನನ್ನನ್ನೂ ಅದೇ ಗುಂಪಿಗೆ ಸೇರಿಸಿದ್ದರು. (ಗಂಡು, ಹೆಣ್ಣು ಅಂತ ದರ ಬೇರೆ ಮಾಡುವುದನ್ನು ಯುರೋಪಿಯನ್ ಒಕ್ಕೂಟ ಹೊಸ ಪಾಲಿಸಿಗಳಿಗೆ 2012ರ ಡಿಸೆಂಬರ್ 21ರಿಂದ ನಿಲ್ಲಿಸಿದೆ. ವಯಸ್ಸಿಗೆ ಆ ರಿಯಾಯಿತಿ ಸಿಗಲಿಲ್ಲ ನೋಡಿ.)

ಒಂದೇ ಕಾರಿಗೆ ಮೂರು ದಾರಿಯಲ್ಲಿ ದರ ಕೇಳಿದೆ.

ನನ್ನದೇ ಹೆಸರಿನ ಮಾಮೂಲಿ ಪಾಲಿಸಿ ಎಲ್ಲಕ್ಕಿಂತ ದುಬಾರಿ. ಸುಮ್ನೆ ಕುತೂಹಲಕ್ಕೆ ದೊಡ್ಡ ಎಂಜಿನ್ನಿನ ಕಾರಿನ ವಿವರ ಹಾಕಿದೆ, ಇನ್ನೂ ಮೇಲೆ ಹೋಯಿತು. ಕ್ಲೇಮ್ ಬಂದಾಗ ನನ್ನ ಜೇಬಿನಿಂದ ಕೊಡುವ ಪಾಲು ಹೆಚ್ಚಿಸಿದರೆ ಪ್ರೀಮಿಯಂ ಇಳಿಯಿತು. ಆದರೆ ಆ ದುಡ್ಡು ನನ್ನ ಹತ್ತಿರ ಇರಬೇಕಲ್ವಾ? ತಿಂಗಳ ಕಂತಿನ ಮೊತ್ತ ಚಿಕ್ಕದು, ಬಡ್ಡಿ ಸೇರಿ ಒಟ್ಟು ಜಾಸ್ತಿ.

ಅಪ್ಪನ ಪಾಲಿಸಿಗೆ ನನ್ನ ಹೆಸರು ಸೇರಿಸಿದರೆ ಕಡಿಮೆ. "ಮುಖ್ಯವಾಗಿ ಓಡಿಸೋದು ಅಪ್ಪ ಅಂತ ಬರೆದುಬಿಡು" ಎಂದರು ಚಿಕ್ಕಪ್ಪ. ದಿನಾ ಓಡಿಸುವವನು ನಾನು. ಹಾಗೆ ಬರೆದರೆ ಅದು ಮೋಸ, ಸಿಕ್ಕಿಬಿದ್ದರೆ ಕ್ಲೇಮ್ ತಿರಸ್ಕರಿಸಬಹುದು. ಇನ್ನೊಂದು ಕೊರತೆ: ನಾನು ಎಷ್ಟೇ ಜೋಪಾನವಾಗಿ ಓಡಿಸಿದರೂ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಕ್ಕೆ ಸಿಗುವ ರಿಯಾಯಿತಿ) ಸಾಮಾನ್ಯವಾಗಿ ಅಪ್ಪನ ಲೆಕ್ಕಕ್ಕೇ ಹೋಗುತ್ತದೆ.

ಕೊನೆಗೆ ಆರಿಸಿದ್ದು ಕಾರಿಗೆ ಡಬ್ಬಿ ಕೂರಿಸುವ ಪಾಲಿಸಿ. ಅದೂ ನನ್ನ ಹೆಸರಲ್ಲೇ. ಕೆಲವು ಕಂಪನಿಗಳಲ್ಲಿ ಮೊಬೈಲ್ ಆ್ಯಪ್ ಸಾಕು. ಎಷ್ಟು ದೂರ, ಎಷ್ಟು ವೇಗ, ಎಷ್ಟು ಹೊತ್ತಿಗೆ, ಬ್ರೇಕು ಹೇಗೆ ಎಲ್ಲವನ್ನೂ ಅದು ಬರೆದಿಡುತ್ತದೆ, ಅದನ್ನು ನೋಡಿ ಕಂಪನಿಯವರು ಅಂಕ ಹಾಕುತ್ತಾರೆ. ಮೊದಲ ತಿಂಗಳು ಮೇಷ್ಟ್ರು ಹಿಂದಿನ ಸೀಟಲ್ಲಿ ಕೂತಂತಿತ್ತು. ಒಮ್ಮೆ ನಾಯಿ ಅಡ್ಡ ಬಂತು, ಜೋರಾಗಿ ಬ್ರೇಕ್ ಹಾಕಿದೆ. ಅಂಕ ಕಳೆದರು. ಡಬ್ಬಿಗೆ ಬ್ರೇಕು ಗೊತ್ತು, ನಾಯಿ ಗೊತ್ತಿಲ್ಲ! ಮುಂದಿನ ಗಾಡಿಯಿಂದ ಇನ್ನಷ್ಟು ದೂರ ಬಿಟ್ಟು ಓಡಿಸಲು ಶುರು ಮಾಡಿದ ಮೇಲೆ ಅಂಕ ಏರಿತು, ನವೀಕರಣದ ದರವೂ ಇಳಿಯಿತು.

ನನ್ನ ಗೆಳೆಯನಿಗೆ ಮಾತ್ರ ಇದನ್ನು ಹೇಳಲಿಲ್ಲ. ಅವನದು ರಾತ್ರಿ ಪಾಳಿ. ಮನೆಗೆ ಹೊರಡುವುದೇ ನಡುರಾತ್ರಿ ದಾಟಿದ ಮೇಲೆ, ಡಬ್ಬಿ ಅತಿ ಹೆಚ್ಚು ಅನುಮಾನಿಸುವ ಹೊತ್ತು ಅದೇ.