ಹಾಜರಿ ಪುಸ್ತಕ ಬಿಟ್ಟು ಏಳು ತಿಂಗಳು

ಮುಂಬೈನ ಮಾಟುಂಗಾದಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್, ಕೆಲಸದವರು 28 ಜನ. ಹಾಜರಿ, ರಜೆ, ಸಂಬಳ ಎಲ್ಲಾ ಈಗ ಎಚ್‌ಆರ್ ಸಾಫ್ಟ್‌ವೇರ್‌ನಲ್ಲೇ.

ಮೊದಲೆಲ್ಲಾ ತಿಂಗಳ ಕೊನೆಗೆ ಎಣ್ಣೆ ಕಲೆಯಾದ ಹಾಜರಿ ಪುಸ್ತಕ, ಅಡ್ವಾನ್ಸ್ ಚೀಟಿ, ಕ್ಯಾಲ್ಕುಲೇಟರ್ ಇಟ್ಟುಕೊಂಡು ಗಲ್ಲಾದಲ್ಲಿ ರಾತ್ರಿ ಒಂದರವರೆಗೆ ಕೂರುತ್ತಿದ್ದೆ, ಆದರೂ ಮರುದಿನ ಯಾರಾದರೂ ಬಂದು "ಧಣೀ, ನನ್ನ ಎರಡು ದಿನ ಹೋಯ್ತಲ್ಲಾ" ಅನ್ನುವುದು ತಪ್ಪುತ್ತಿರಲಿಲ್ಲ. ಈಗ ಪಿಎಫ್‌ (ಭವಿಷ್ಯ ನಿಧಿ) 12%, ಇಎಸ್‌ಐ (ನೌಕರರ ಆರೋಗ್ಯ ವಿಮೆ) 0.75% ಸಂಬಳದಿಂದ ತಾನಾಗಿಯೇ ಕಡಿತವಾಗುತ್ತದೆ. ಮಹಾರಾಷ್ಟ್ರದ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ, ಫೆಬ್ರವರಿಗೆ ಮಾತ್ರ 300. ನಾನು ಪ್ರತಿ ವರ್ಷ ಮರೆಯುತ್ತಿದ್ದೆ, ಇದು ಮರೆಯಲಿಲ್ಲ! ಮೇ ತಿಂಗಳಲ್ಲಿ ಅರ್ಧ ಅಡುಗೆಮನೆಯೇ ಊರಿಗೆ ಹೊರಡುತ್ತದೆ ಅಲ್ವಾ, ಯಾರು ಯಾವಾಗ ಅಂತ ಒಂದೇ ಕಡೆ ಕಾಣುತ್ತದೆ.

ತೊಂದರೆಯೂ ಜಾಸ್ತಿಯೇ ಇದೆ. ಪಾತ್ರೆ ತೊಳೆಯುವ ಹುಡುಗರ ನೆನೆದ ಬೆರಳನ್ನು ಹಾಜರಿ ಹಾಕುವ ಮಷಿನ್ ಗುರುತಿಸುವುದೇ ಇಲ್ಲ, ಪಾಪ, ಬಟ್ಟೆಗೆ ಒರೆಸಿ ಒರೆಸಿ ಒತ್ತುತ್ತಾರೆ. ಕೊನೆಗೆ ಮುಖ ತೋರಿಸುವ ವ್ಯವಸ್ಥೆ ಹಾಕಿಸಿದೆ. ಮಧ್ಯಾಹ್ನ ಮೂರರಿಂದ ಐದರ ಬಿಡುವನ್ನು ಸಾಫ್ಟ್‌ವೇರ್ ಅರ್ಧ ದಿನದ ರಜೆ ಅಂತ ಹಿಡಿದಿತ್ತು. ಸರಿ ಮಾಡಿಸಲು ಆರು ಸಲ ಫೋನ್ ಮಾಡಬೇಕಾಯಿತು. ಆ್ಯಪ್‌ನಲ್ಲಿ ಕನ್ನಡ ಇಲ್ಲ. ನಮ್ಮ ದೋಸೆ ಭಟ್ಟರು ಇವತ್ತಿಗೂ ರಜೆಯನ್ನು ನನ್ನ ಹತ್ತಿರವೇ ಬಾಯಲ್ಲಿ ಕೇಳುತ್ತಾರೆ, ನಾನೇ ಒತ್ತುತ್ತೇನೆ.