ಕ್ಯಾಂಪಿನ ಗುರುವಾರದ ಆರೋಗ್ಯ ಕೂಟ: ಸೇರಬಹುದು, ಗೋಡೆಯ ಮೇಲಿನ ಪಟ್ಟಿಯನ್ನು ತೆಗೆದರೆ ಇನ್ನೂ ಒಳ್ಳೆಯದು

ಬೆಳಗಾವಿಯ ಕ್ಯಾಂಪ್ ಭಾಗದ ಕ್ರೈಸ್ತ ಸಭೆಯೊಂದು ಪ್ರತಿ ಗುರುವಾರ ಸಂಜೆ ನಡೆಸುವ ಆರೋಗ್ಯ ಕೂಟದ ಬಗ್ಗೆ ಈಗ ಬೇರೆ ಸಭೆಗಳವರೂ ವಿಚಾರಿಸತೊಡಗಿದ್ದಾರೆ. ಹೆಸರು ಬರೆಯುವುದು ಬೇಡವೆಂದು ನಡೆಸುವವರೇ ಕೇಳಿಕೊಂಡಿದ್ದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. ತೂಕ ಇಳಿಸುವ ಶಿಬಿರವೆಂದು ತಿಳಿದು ಹೋದವರಿಗೆ ಮೊದಲ ದಿನ ಸ್ವಲ್ಪ ನಿರಾಸೆಯಾಗಬಹುದು. ಬೈಬಲಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ದೇವರಾತ್ಮನ ಫಲಗಳ ಸಾಲಿನ ಕೊನೆಗೆ ಬರುವ ಶಮೆದಮೆಯನ್ನು, ಅಂದರೆ ಆತ್ಮಸಂಯಮವನ್ನು, ಊಟ, ನಿದ್ದೆ, ನಡಿಗೆಗಳಲ್ಲಿ ಅಭ್ಯಾಸ ಮಾಡುವುದು ಕೂಟದ ಉದ್ದೇಶ. ತೂಕದ ಮಾತು ಅದರ ನಂತರದ್ದು.

ಒಂದು ಹಾಡು, ಒಂದು ಚಿಕ್ಕ ವಾಕ್ಯಪಾಠ, ಆಮೇಲೆ ಹತ್ತು ಹನ್ನೆರಡು ಜನರ ಗುಂಪುಗಳಾಗಿ ಕುಳಿತು ಪ್ರತಿಯೊಬ್ಬರೂ ಕಳೆದ ವಾರದ ಲೆಕ್ಕ ಒಪ್ಪಿಸಬೇಕು. ಈ ಕ್ರಮ ಹೊಸದೇನೂ ಅಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯವರ ಅನುಯಾಯಿಗಳು ಸುಮಾರು 12 ಜನರ ತಂಡಗಳನ್ನು ಮಾಡಿ, ವಾರಕ್ಕೊಂದು ಪೆನ್ನಿ ಕೂಡಿಸಲು ಒಬ್ಬೊಬ್ಬ ಮುಖಂಡನನ್ನು ನೇಮಿಸಿದಾಗ, ದುಡ್ಡಿಗೆಂದು ಮನೆಮನೆಗೆ ಹೋದವರಿಗೆ ಆ ಮನೆಯವರ ಬದುಕಿನ ಸ್ಥಿತಿಯೂ ತಿಳಿಯುತ್ತ ಹೋಗಿ, ಕ್ರಮೇಣ ಅದೇ ಪರಸ್ಪರ ವಿಚಾರಣೆಯ ಕೂಟವಾಯಿತು. ಇಲ್ಲಿ ಆ ಮುಖಂಡರ ಸ್ಥಾನದಲ್ಲಿರುವವರು ನಿವೃತ್ತ ನರ್ಸ್ ಒಬ್ಬರು. ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. "ಕಾಕಾ, ಈ ವಾರ ಹೆಂಗಾತ್ರಿ?" ಎಂದು ಅವರು ಕೇಳಿದರೆ, ಎಪ್ಪತ್ತರ ಹಿರಿಯರೂ "ರಾತ್ರಿ ಎದ್ದು ಫ್ರಿಜ್ ತಗದೇನ್ರಿ ಸಿಸ್ಟರ್, ಸುಳ್ಳ ಯಾಕ ಹೇಳ್ಲಿ" ಎಂದು ತಲೆ ಕೆರೆದುಕೊಳ್ಳುತ್ತಾರೆ. ಯಾರೂ ನಗುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಫ್ರಿಜ್ಜಿನಲ್ಲಿ ಏನಿತ್ತು, ಅದನ್ನು ತಂದವರು ಯಾರು ಎಂಬುದು ಮುಂದಿನ ಪ್ರಶ್ನೆ.

ಈ ಪ್ರಶ್ನೆಯಲ್ಲೇ ಕೂಟದ ನಿಜವಾದ ಬೆಲೆ ಇದೆ ಎಂಬುದು ನನ್ನ ಅಭಿಪ್ರಾಯ. ಆಸೆ ಕೆರಳಿದ ಮೇಲೆ ಹಲ್ಲು ಕಚ್ಚಿ ಕೂಡುವುದನ್ನು ಇಲ್ಲಿ ಯಾರೂ ಕಲಿಸುವುದಿಲ್ಲ; ಆಸೆಗೆ ಬೇಕಾದ ಸಾಮಾನು ಮನೆಗೆ ಬರುವ ಮೊದಲೇ ತಡೆಯುವುದನ್ನು ಕಲಿಸುತ್ತಾರೆ. ಶರೀರದ ಆಸೆಗಳಿಗಾಗಿ ಮುಂಚಿತವಾಗಿ ಅಣಿಮಾಡಿಕೊಳ್ಳಬಾರದೆಂಬ ಅರ್ಥದ ಮಾತು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ಕೊನೆಯಲ್ಲಿದೆ. ಸಿಸ್ಟರ್ ಅದನ್ನು ಓದಿಸಿ, ಮುಂದಿನ ವಾರ ಎಲ್ಲರೂ ತಿಂಗಳ ಕಿರಾಣಿ ಚೀಟಿ ತರಬೇಕೆಂದು ಹೇಳಿದರು. ಚೀಟಿ ಬಂದಾಗ ಖಾರಿ, ಟೋಸ್ಟ್, ಫರಸಾಣ ಎಷ್ಟು ಮನೆಗಳಲ್ಲಿ ಅಕ್ಕಿ ಬೇಳೆಯಷ್ಟೇ ಖಾಯಂ ಆಗಿ ಕೂತಿವೆ ಎಂಬುದು ಎಲ್ಲರ ಕಣ್ಣಿಗೂ ಬಿತ್ತು.

ಅದೇ ಸಂಜೆ ಇನ್ನೊಂದು ಕೆಲಸ ನಡೆಯಿತು. ಸಿಸ್ಟರ್ ಸ್ಟೀಲ್ ತಾಟೊಂದನ್ನು ಮುಂದಿಟ್ಟು, ಒಬ್ಬರು ತಾವು ದಿನವೆಲ್ಲ ಚಹಾಕ್ಕೆ ಹಾಕಿಕೊಳ್ಳುವ ಸಕ್ಕರೆಯನ್ನು ಅಳೆದು ಸುರಿಯಬೇಕೆಂದರು. ಐದು ಕಪ್ಪು, ಕಪ್ಪಿಗೆ ಎರಡು ಚಮಚ. ಚಮಚದ ತಲೆಯನ್ನು ಬೆರಳಿನಿಂದ ಸವರಿ ಸಮ ಮಾಡಿದರೂ ಹತ್ತನೆಯ ಚಮಚಕ್ಕೆ ತಾಟಿನ ನಡುವೆ ಒಂದು ಗುಡ್ಡೆಯೇ ಆಯಿತು. ಚಮಚಕ್ಕೆ ಸುಮಾರು 4 ಗ್ರಾಂ ಎಂದರೂ ಅದು 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಉತ್ತಮವೆನ್ನುತ್ತದೆ. 2,000 ಕ್ಯಾಲೊರಿ ಉಣ್ಣುವವರಿಗೆ ಅದು ಹೇಳುವ ಮೇಲಿನ ಮಿತಿ 50 ಗ್ರಾಂ. ಮಕ್ಕಳು ಪಾಸಾದರೆಂದು, ಹುಟ್ಟುಹಬ್ಬವೆಂದು ಆರಾಧನೆ ಮುಗಿದ ಮೇಲೆ ಹಂಚುವ ಕುಂದಾ ಈ ಲೆಕ್ಕದಲ್ಲಿ ಸೇರಿರಲಿಲ್ಲ. ಸಕ್ಕರೆ ಸುರಿದವರು ತಾಟನ್ನೇ ನೋಡುತ್ತ ಬಹಳ ಹೊತ್ತು ಮಾತಾಡಲಿಲ್ಲ. ಕೂಟದಲ್ಲಿ ಕೊಡುವ ಚಹಾಕ್ಕೆ ಸಕ್ಕರೆಯೇ ಇಲ್ಲ, ಅದಕ್ಕೆ ಹೊಂದಿಕೊಳ್ಳಲು ನಾಲಿಗೆಗೆ ಒಂದಿಷ್ಟು ಕಾಲ ಬೇಕು.

ಕೈಗೆ ಕೊಡುವ ಆಹಾರದ ಹಾಳೆ ಮಾತ್ರ ತೀರಾ ಸಪ್ಪೆ. ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ ಎಂದು ಯಾವುದೋ ಊರಿನ ಪಟ್ಟಿಯನ್ನು ಹಾಗೆಯೇ ಇಳಿಸಿಕೊಂಡಿದ್ದಾರೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಹೆಚ್ಚುಕಡಿಮೆ ಅಷ್ಟೇ ಪ್ರೊಟೀನ್ ಇರುವಾಗ, ರೊಟ್ಟಿ, ಮಡಿಕೆಕಾಳಿನ ಪಲ್ಯ, ಹಸಿ ಮೆಂತ್ಯ, ಉಳ್ಳಾಗಡ್ಡಿ ಉಣ್ಣುವ ಬೆಳಗಾವಿಯ ಮನೆಗೆ ಓಟ್ಸ್ ಡಬ್ಬಿಯ ಖರ್ಚು ಏಕೆ? ನಮ್ಮ ತಾಟಿನಲ್ಲಿ ಹಿಡಿತ ತಪ್ಪುವುದು ಬೇರೆ ಕಡೆ: ಉಪ್ಪಿನಕಾಯಿ, ರಂಜಕ, ಸಂಡಿಗೆ ಸೇರಿಸಿ ಉಪ್ಪು ದಿನಕ್ಕೆ 5 ಗ್ರಾಂ ಎಂಬ ಮಿತಿಯನ್ನು ಸುಲಭವಾಗಿ ದಾಟುತ್ತದೆ, ಭಾನುವಾರದ ಮಟನ್ ಸಾರಿನ ಜೊತೆ ಅನ್ನದ ಅಳತೆಯೇ ಇರುವುದಿಲ್ಲ. ಹಾಳೆಯಲ್ಲಿ ಇವುಗಳ ಸುದ್ದಿಯೇ ಇಲ್ಲ.

ಒಮ್ಮೆ ಬಂದ ಅತಿಥಿ ಭಾಷಣಕಾರರು ಬೈಬಲಿನ ದಾನಿಯೇಲ ಮತ್ತು ಅವನ ಮೂವರು ಗೆಳೆಯರ ಹತ್ತು ದಿನದ ಕಾಯಿಪಲ್ಲೆ ಊಟವನ್ನು ಸಣ್ಣಗಾಗುವ ಉಪಾಯವೆಂದು ವಿವರಿಸಿದರು. ಆ ಅಧ್ಯಾಯವನ್ನು ಮುಂದೆ ಓದಿದರೆ, ಹತ್ತು ದಿನಗಳ ನಂತರ ಆ ನಾಲ್ವರು ಹುಡುಗರು ಮಿಕ್ಕವರಿಗಿಂತ ಮೈಕೈ ತುಂಬಿಕೊಂಡು ಕಾಣಿಸಿದರೆಂದೇ ಇದೆ! ಸಕ್ಕರೆ ಕಾಯಿಲೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದೆಂದು ಸಿಸ್ಟರ್ ಅಲ್ಲೇ ಎದ್ದು ಹೇಳಿದ್ದು ಮೆಚ್ಚಬೇಕಾದ ಸಂಗತಿ.

ನನ್ನ ದೊಡ್ಡ ತಕರಾರು ಗೋಡೆಯ ಮೇಲಿನ ಪಟ್ಟಿಯದು. ತಿಂಗಳಿಗೊಮ್ಮೆ ಎಲ್ಲರ ತೂಕವನ್ನು ಹೆಸರಿನ ಮುಂದೆ ಬರೆದು ತೂಗುಹಾಕುತ್ತಾರೆ. ಅಂದು ಕಾಟಾದ ಮುಂದೆ ನಿಂತವರು ಚಪ್ಪಲಿ, ಗಡಿಯಾರ, ಮೊಬೈಲ್, ಕೊನೆಗೆ ಜೇಬಿನ ಕೀಲಿಗೊಂಚಲನ್ನೂ ಪಕ್ಕದವರ ಕೈಗೆ ಕೊಟ್ಟು ಹತ್ತುವುದನ್ನು ನೋಡಿದರೆ, ಶಮೆದಮೆ ಯಾವ ಬಾಗಿಲಿನಿಂದ ಹೊರಟುಹೋಯಿತೋ ಎನಿಸುತ್ತದೆ. ಉಪವಾಸ ಮಾಡುವಾಗ ಜನರಿಗೆ ಕಾಣದಂತೆ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕೆಂದು ಯೇಸು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಕಲಿಸಿರುವಾಗ, ಅದೇ ಯೇಸುವಿನ ಹೆಸರಿನ ಕೂಟದಲ್ಲಿ ಇಂಥ ಪ್ರದರ್ಶನ ಹೊಂದುವುದಿಲ್ಲ. ತೂಕದ ದಿನ ಬರುವ ಹೆಣ್ಣುಮಕ್ಕಳ ಸಂಖ್ಯೆ ಕಡಿಮೆಯಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಗುಂಪಿನೊಳಗೆ ಎಷ್ಟು ಬಾಯಿಬಿಟ್ಟು ಹೇಳಬೇಕೆಂಬುದು ಅವರವರ ಇಷ್ಟ. ಗೋಡೆಗೆ ಬರೆಯುವುದಕ್ಕೆ ಯಾರನ್ನೂ ಕೇಳುವುದಿಲ್ಲ.

ಶನಿವಾರ ಬೆಳಿಗ್ಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಒಟ್ಟಿಗೆ ನಡೆಯುತ್ತಾರೆ. ಮರಗಳ ನೆರಳಿದೆ, ಹರಟೆಯೂ ಇರುತ್ತದೆ. ಆದರೆ ಮಳೆಗಾಲದಲ್ಲಿ ಇದು ನಿಂತುಹೋಗುತ್ತದೆ, ಬೆಳಗಾವಿಯ ಮಳೆ ಗೊತ್ತಿದ್ದವರಿಗೆ ಅದೆಷ್ಟು ತಿಂಗಳೆಂದು ಹೇಳಬೇಕಾಗಿಲ್ಲ. ವಾರಕ್ಕೆ 150 ನಿಮಿಷ ನಡೆಯಬೇಕೆಂದು ಹೇಳುವವರು ಆ ದಿನಗಳಿಗೆ ಒಳಾಂಗಣದ ವ್ಯವಸ್ಥೆ ಯೋಚಿಸಬೇಕು.

ಶುಲ್ಕವಿಲ್ಲ, ಚಹಾದ ಖರ್ಚಿಗೆ ಡಬ್ಬಿಯಲ್ಲಿ ಮನಸ್ಸಿದ್ದಷ್ಟು ಹಾಕಬಹುದು. ಮಾತು ಕನ್ನಡ, ಮರಾಠಿ ಎರಡರಲ್ಲೂ ನಡೆಯುತ್ತದೆ. ಬೇರೆ ಸಭೆಯವರಿಗೂ ಪ್ರವೇಶವಿದೆ, ಆದರೆ ಮೊದಲೇ ತಿಳಿಸಿ ಹೋದರೆ ಗುಂಪಿನಲ್ಲಿ ಜಾಗ ಸಿಗುತ್ತದೆ. ಊಟ, ನಿದ್ದೆ, ಮೊಬೈಲ್ ನೋಡುವ ಚಟ ಇವುಗಳಲ್ಲಿ ಹಿಡಿತ ಬೇಕೆನ್ನುವವರು ಧಾರಾಳವಾಗಿ ಸೇರಬಹುದು. ಕುಡಿತ ಅಥವಾ ಗುಟ್ಕಾ ಬಿಡಬೇಕೆಂದು ಬರುವವರಿಗೆ ಇದೊಂದೇ ಸಾಲದು. ಅಂಥವರನ್ನು ಸಿಸ್ಟರ್ ಪ್ರಾರ್ಥನೆ ಮಾಡಿ, ಮೊದಲು ವೈದ್ಯರಿಗೆ ತೋರಿಸಿಕೊಂಡು ಆಮೇಲೆ ಗುರುವಾರ ಬರುವಂತೆ ಹೇಳಿ ಕಳಿಸುತ್ತಾರೆ.